ಒಬ್ಬರು, ನಿದ್ದೆಯಲ್ಲಿ

ಕೆಂಪು ಟವೆಲು ಕೋಣೆಯ ಚಿಲಕವನ್ನೇರಿತೆಂದರೆ ನಾದಿನಿ ಮನೆಯಲ್ಲಿಲ್ಲವೆಂದೇ ಲೆಕ್ಕ. ಹಾಲಿನವನು ಕೇಳಲಿ, ಮೀಟರು ನೋಡುವವನು ಕೇಳಲಿ, ಫೋನಿನಲ್ಲಿ ಬಂಧುಗಳೇ ಕೇಳಲಿ, ಅತ್ತಿಗೆಯ ಉತ್ತರ ಒಂದೇ: "ಇಲ್ಲ, ಅವಳಿಲ್ಲ." ಹನ್ನೆರಡು ವರ್ಷಗಳಿಂದ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ನರ್ಸಾಗಿ ದುಡಿಯುತ್ತಿದ್ದ ನಾದಿನಿಗೆ ಹಗಲೇ ಇರುಳು. ಮಲಗಿದ್ದಾಳೆ ಎಂದರೆ ಜನ "ಒಂದೇ ನಿಮಿಷ, ಎಬ್ಬಿಸಿ" ಎನ್ನುತ್ತಾರೆ; ಇಲ್ಲ ಎಂದರೆ ಮರಳಿ ಹೋಗುತ್ತಾರೆ. ಈ ಉಪಾಯವನ್ನು ಕಂಡುಹಿಡಿದವಳು ಅತ್ತೆ. ಆಕೆ ತೀರಿಕೊಂಡು, ಆಕೆಯ ಮಗನೂ ತೀರಿಕೊಂಡು, ಮನೆಯಲ್ಲಿ ಒಬ್ಬಳು ಸೊಸೆ, ಒಬ್ಬಳು ಮಗಳು ಉಳಿದ ಮೇಲೂ ಆ ಸುಳ್ಳು ಹಳೆಯ ತಾಮ್ರದ ಪಾತ್ರೆಯಂತೆ ದಿನವೂ ಬಳಕೆಯಾಗುತ್ತ ಹೊಳಪನ್ನು ಉಳಿಸಿಕೊಂಡಿತ್ತು.

ಆದರೆ ಸುಳ್ಳು ಬಾಗಿಲನ್ನು ಕಾಯಬಲ್ಲದು, ಛಾವಣಿಯನ್ನು ಕಾಯಲಾರದು. ಮಾಳಿಗೆಯ ಮೇಲಿನ ಎರಡು ಕೋಣೆಗಳನ್ನು ಅತ್ತಿಗೆ ಮೂರು ವರ್ಷಗಳಿಂದ ಒಂದೆರಡು ದಿನ ತಂಗಿಹೋಗುವ ಅತಿಥಿಗಳಿಗೆ ಬಾಡಿಗೆಗೆ ಕೊಡುತ್ತಿದ್ದಳು. ಮಾಳಿಗೆಗೂ ಕೆಳಮನೆಗೂ ನಡುವೆ ಇದ್ದದ್ದು ಹಳೆಯ ಮರದ ಹಲಗೆ ಮಾತ್ರ. ಅದರ ಮೇಲೆ ಅತಿಥಿಗಳ ಗಾಲಿಪೆಟ್ಟಿಗೆಗಳು ಹಗಲೆಲ್ಲ ಗುಡುಗಿನಂತೆ ಉರುಳುತ್ತಿದ್ದವು. ಎದುರು ಸಾಲಿನಲ್ಲಿ ತಗಡಿನ ಪೆಟ್ಟಿಗೆ ಮಾಡುವ ಅಂಗಡಿ. ಅಲ್ಲಿಯ ಸುತ್ತಿಗೆ ನಿಂತಿತೆಂದರೆ ಬೀದಿಗೆ ಬೀದಿಯೇ ಊಟಕ್ಕೆ ಏಳುತ್ತಿತ್ತು. ಕಳೆದ ಹನ್ನೊಂದು ದಿನಗಳಲ್ಲಿ ನಾದಿನಿ ಒಮ್ಮೆಯೂ ಎರಡು ಗಂಟೆ ಒಟ್ಟಾಗಿ ಕಣ್ಣು ಮುಚ್ಚಿರಲಿಲ್ಲ. ಹನ್ನೊಂದನೆಯ ದಿನ ಬೆಳಗಿನ ಜಾವ, ಒಬ್ಬ ರೋಗಿಗೆ ಕೊಡಬೇಕಾದ ಚುಚ್ಚುಮದ್ದನ್ನು ಪಕ್ಕದ ಮಂಚದವನ ತೋಳಿಗೆ ಹಿಡಿದಿದ್ದಳು. "ಸಿಸ್ಟರ್, ನಂದು ಆಗ್ಲೇ ಆಯ್ತಲ್ಲ" ಎಂದು ಆತನೇ ಕೈ ಹಿಂದೆಳೆದುಕೊಂಡದ್ದರಿಂದ ಅನಾಹುತ ತಪ್ಪಿತು. ಹಿರಿಯ ನರ್ಸು ಅವಳನ್ನು ಕರೆದು, ಗದರದೆ, ತಣ್ಣಗೆ ಹೇಳಿದ್ದಳು: ಇನ್ನೊಂದು ಸಲ ಹೀಗಾದರೆ ವಾರ್ಡಿನಲ್ಲಿ ನಿನಗೆ ಜಾಗವಿಲ್ಲ.

ಇದನ್ನು ನಾದಿನಿ ಮನೆಗೆ ಬಂದು ಹೇಳಿದ್ದು ಅಳುತ್ತಲ್ಲ, ನಗುತ್ತ.

"ಕೆಲಸ ಹೋದ್ರೂ ಒಂದು ಲಾಭ ಇದೆ ಅತ್ತಿಗೆ. ಎಲ್ಲರ ಹಾಗೆ ರಾತ್ರಿ ಮಲಗಬಹುದು."

ಅತ್ತಿಗೆಗೆ ನಗು ಬರಲಿಲ್ಲ. ಆ ಸೂಜಿ ಒಂದು ಬೆರಳಷ್ಟು ಮುಂದೆ ಹೋಗಿದ್ದರೆ? ಗಾಲಿಪೆಟ್ಟಿಗೆಗಳನ್ನು ಮನೆಗೆ ಕರೆಸಿದವಳು ತಾನೇ ಅಲ್ಲವೆ?

ಆ ಮಧ್ಯಾಹ್ನವೇ ಜಾಹೀರಾತಿನ ಕಂಪನಿಯ ಮ್ಯಾನೇಜರ್ ಬಂದದ್ದು. ಕಂಕುಳಲ್ಲಿ ಫೈಲು, ಕಿವಿಯ ಸಂದಿಯಲ್ಲಿ ಪೆನ್ನು. ಮಾತಿಗೆ ಮೊದಲು ಗೋಡೆಗಳನ್ನು ಮುಟ್ಟಿ ನೋಡುವ ಮನುಷ್ಯ. ಫೋಟೋದಲ್ಲಿ ಕಂಡ, ಮಾಳಿಗೆಯ ಪಶ್ಚಿಮದ ಕಿಟಕಿಯಿಂದ ಬೀಳುವ ಬಿಸಿಲು ತಮ್ಮ ನಿರ್ದೇಶಕಿಗೆ ಬಹಳ ಹಿಡಿಸಿದೆ, ಹಾಸಿಗೆಯ ಜಾಹೀರಾತೊಂದನ್ನು ನಾಡಿದ್ದು ಇಲ್ಲಿಯೇ ಚಿತ್ರಿಸಬೇಕು ಎಂದ. ಅತ್ತಿಗೆ ತಲೆಯಾಡಿಸಿದಳು.

"ಬೇಡಪ್ಪ. ಶೂಟಿಂಗ್ ಅಂದ್ರೆ ಗಲಾಟೆ."

"ಗಲಾಟೆನಾ? ಅಮ್ಮಾ, ಗುಂಡುಸೂಜಿ ಬಿದ್ರೂ ನಮ್ಮ ಸೌಂಡಿನವನು ಜಗಳಕ್ಕೆ ಬರ್ತಾನೆ. ಬೆಳಗ್ಗೆ ಒಂಬತ್ತರೊಳಗೆ ಸಾಮಾನು ಏರಿಸಿಬಿಡ್ತೀವಿ. ಆಮೇಲೆ ನಾಲ್ಕು ಗಂಟೆ ತನಕ ಯಾರೂ ಉಸಿರೆತ್ತಲ್ಲ. ಎದುರಿನ ತಗಡಿನಂಗಡಿಗೂ ಒಂದು ದಿನ ರಜೆ ಹಾಕಿಸ್ತೀವಿ."

"ತಗಡಿನಂಗಡಿಗೂ?"

"ತಗಡಿನಂಗಡಿಗೂ. ಬೀದಿ ಕೊನೇಲಿ ಇಬ್ಬರನ್ನ ನಿಲ್ಲಿಸಿ ಹಾರ್ನ್ ಹೊಡಿಯೋರನ್ನ ಆ ಕಡೆ ತಿರುಗಿಸ್ತೀವಿ."

ಅತ್ತಿಗೆ ಒಪ್ಪಿದ್ದು ಅವನು ಹೇಳಿದ ಬಾಡಿಗೆಗಲ್ಲ. ಒಂದು ಬೀದಿಯ ಸದ್ದನ್ನೆಲ್ಲ ಕಟ್ಟಿಹಾಕುವ ಶಕ್ತಿ ತನಗಿಲ್ಲ. ಆ ಶಕ್ತಿಯುಳ್ಳವರು ತಾವಾಗಿ ಬಂದು ಬಾಗಿಲಲ್ಲಿ ನಿಂತಿರುವಾಗ ಇದು ಭಗವಂತನೇ ಕಳಿಸಿದ ಏರ್ಪಾಡೆಂದು ಅವಳಿಗೆ ತೋರಿತು. ಒಪ್ಪಿಗೆಯ ಫಾರಮ್ಮು ಏಳು ಪುಟದ್ದು. ಯಾವ ಗೋಡೆಗೆ ಮೊಳೆ ಹೊಡೆಯಬಹುದು, ಯಾವ ಪರದೆ ತೆಗೆಯಬಹುದು, ಮನೆಯ ಚಿತ್ರವನ್ನು ಎಲ್ಲೆಲ್ಲಿ ಎಷ್ಟು ಕಾಲ ತೋರಿಸಬಹುದು ಎಂಬುದಕ್ಕೆಲ್ಲ ಅವಳು ಸಹಿ ಹಾಕಿದಳು. ಆರನೆಯ ಪುಟದಲ್ಲಿ ಒಂದು ಸಾಲು ಖಾಲಿ ಇತ್ತು. 'ಚಿತ್ರೀಕರಣದ ವೇಳೆ ಮಾಲೀಕರನ್ನು ಬಿಟ್ಟು ಮನೆಯಲ್ಲಿ ಇರುವವರು.' ಅತ್ತಿಗೆಯ ಕಣ್ಣು ಕೆಂಪು ಟವೆಲಿನ ಕಡೆಗೆ ಹೋಯಿತು. ಹನ್ನೆರಡು ವರ್ಷ ನಾಲಿಗೆ ಆಡಿದ ಮಾತನ್ನು ಕೈ ತಾನಾಗಿಯೇ ಬರೆಯಿತು: 'ಯಾರೂ ಇಲ್ಲ.'

ಚಿತ್ರೀಕರಣದ ದಿನ ಒಂಬತ್ತೂಕಾಲಿಗೆ ನಾದಿನಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ಬಾಲ್ಯದಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದರು. ಈಗ ಒಬ್ಬಳೇ ರೋಗಿಯನ್ನು ಎತ್ತಿ ಮಗ್ಗುಲು ಬದಲಿಸಬಲ್ಲ ಆಳ್ತನ ಬಂದಿದ್ದರೂ ಅತ್ತಿಗೆಯ ಬಾಯಲ್ಲಿ ಹೆಸರು ಹಾಗೆಯೇ ಉಳಿದಿತ್ತು. ನಾದಿನಿಯ ಕಣ್ಣು ತೆರೆದಿತ್ತು, ಆದರೆ ಏನನ್ನೂ ಕಾಣುತ್ತಿರಲಿಲ್ಲ. ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡಳು.

"ಬಂದ್ರಾ ಅತ್ತಿಗೆ ಅವರು?"

"ನೀನು ಮಲಕ್ಕೋ ಗುಬ್ಬಿ."

"ಇವತ್ತು ರಾತ್ರಿನೂ ಅದೇ ವಾರ್ಡು..."

"ಗೊತ್ತು. ಮಲಕ್ಕೋ."

ಬಾಗಿಲು ಮುಚ್ಚಿತು, ಟವೆಲು ಚಿಲಕವೇರಿತು. ಸ್ವಲ್ಪ ಹೊತ್ತಿಗೆ ಮಾಳಿಗೆಯಿಂದ ಹೆಣ್ಣುದನಿಯೊಂದು "ಸೈಲೆನ್ಸ್" ಎಂದಿತು. ಅತ್ತಿಗೆ ತನ್ನ ಆಯುಷ್ಯದಲ್ಲಿ ಅಂಥ ಮೌನವನ್ನು ಕೇಳಿರಲಿಲ್ಲ, ಅಥವಾ ಏನೂ ಕೇಳದಿರುವುದನ್ನು ಅನುಭವಿಸಿರಲಿಲ್ಲ. ಸುತ್ತಿಗೆ ನಿಂತಿತು. ನೀರಿನ ಪಂಪು ನಿಂತಿತು. ಎದುರುಮನೆಯ ನಾಯಿಯನ್ನು ಯಾರೋ ತಿರುಗಾಡಿಸಲು ಕರೆದೊಯ್ದಿದ್ದರು. ಮೇಲೆ ಹದಿನಾಲ್ಕು ಜನರಿದ್ದರು. ಹಲಗೆ ಒಮ್ಮೆಯೂ ಕಿರುಗುಟ್ಟಲಿಲ್ಲ, ಏಕೆಂದರೆ ಅದರ ಮೇಲೆಲ್ಲ ದಪ್ಪನೆಯ ಕಪ್ಪು ಕಂಬಳಿಗಳನ್ನು ಹಾಸಿ ಬರಿಗಾಲಿನಲ್ಲಿ ನಡೆಯುತ್ತಿದ್ದರು.

ಅತ್ತಿಗೆ ಮೆಟ್ಟಿಲಿನ ಮೇಲ್ತುದಿಯಲ್ಲಿ ಕುಳಿತಳು. ಬೆಳಗಿನ ನಾಲ್ಕು ಗಂಟೆಗೇ ಎದ್ದು ಎರಡು ಮಂಚಗಳ ಹೊದಿಕೆ ಒಗೆದು ಹಾಕಿ ಅವಳು ದಣಿದಿದ್ದಳು. ಕೋಣೆಯೊಳಗೆ ಹೊಸ ಹಾಸಿಗೆಯ ಮೇಲೆ ಒಬ್ಬ ಸುಂದರ ನಟ ಮಲಗಿದ್ದ. ಅವನ ಕೆಲಸ ಗಾಢವಾಗಿ ನಿದ್ರಿಸುವುದು, ಬಿಸಿಲು ಮುಖಕ್ಕೆ ಬಂದಾಗ ಎಚ್ಚತ್ತು "ಎಂಥ ನಿದ್ದೆ!" ಎನ್ನುವುದು. ಆದರೆ ರಾತ್ರಿಯೆಲ್ಲ ಚೆನ್ನಾಗಿ ಮಲಗಿಬಂದಿದ್ದ ಪುಣ್ಯಾತ್ಮನ ರೆಪ್ಪೆ ಸಿಕ್ಕಿಬಿದ್ದ ಚಿಟ್ಟೆಯಂತೆ ಅದುರುತ್ತಿತ್ತು. ನಿರ್ದೇಶಕಿ "ಇನ್ನೊಂದು ಸಲ" ಎನ್ನುತ್ತಲೇ ಇದ್ದಳು. ಅವಳ ಕಣ್ಣ ಕೆಳಗಿನ ಕಪ್ಪನ್ನು ನೋಡಿದರೆ ಹಾಸಿಗೆಯ ಮೇಲೆ ಮಲಗಬೇಕಾದವಳು ಅವಳೇ ಎನಿಸುತ್ತಿತ್ತು.

ಹನ್ನೆರಡು ದಾಟಿದ ಮೇಲೆ ಅದು ಶುರುವಾಯಿತು. ಮೊದಲು ಕುದಿಯುವ ಪಾತ್ರೆಯ ಮುಚ್ಚಳ ಅದುರಿದಂಥ ಸಣ್ಣ ಸದ್ದು, ಬಳಿಕ ಗರಗಸ. ಅತ್ತಿಗೆಯ ಎದೆ ಹಗುರವಾಯಿತು. ಎಷ್ಟೋ ದಿನಗಳಿಂದ ಕೇಳಿರದ ಸದ್ದು! ನಾದಿನಿಯ ಗೊರಕೆ ಮೇಲುನಿದ್ದೆಗೆ ಬರುವಂಥದ್ದಲ್ಲ. ಕನಸುಗಳನ್ನೂ ದಾಟಿ, ತನ್ನ ಹೆಸರನ್ನೂ ಮರೆತು, ಜೀವ ತಳ ಮುಟ್ಟಿದಾಗ ಮಾತ್ರ ಅದು ಏಳುತ್ತಿತ್ತು. ರಾಜನಿಗೂ ತಿರುಕನಿಗೂ ಭೇದವಿಲ್ಲದ ಆ ಸ್ಥಿತಿಯನ್ನು ಬಲ್ಲವರು ಸುಷುಪ್ತಿಯೆಂದು ಕರೆದರು. ಜೀವನು ತನಗೇ ತಿಳಿಯದಂತೆ ದಿನಕ್ಕೊಮ್ಮೆ ಪರಮಾತ್ಮನ ಮನೆಗೆ ಹೋಗಿಬರುವ ದಾರಿ ಅದೆಂದರು. ಅತ್ತಿಗೆಗೆ ಅಷ್ಟೆಲ್ಲ ತಿಳಿಯದು. ಹುಡುಗಿಗೆ ಅಂತೂ ನಿದ್ದೆ ಹತ್ತಿತು ಎಂಬುದಷ್ಟೇ ಅವಳಿಗೆ ತಿಳಿದದ್ದು.

ಮೂಲೆಯಲ್ಲಿ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಕುಳಿತಿದ್ದ ಸೌಂಡಿನವನು ಕೈ ಎತ್ತಿದ. ನರೆತ ಕೂದಲಿನ, ಮೆಲುಮಾತಿನ ಮನುಷ್ಯ.

"ಮೇಡಂ, ಏನೋ ಬರ್ತಿದೆ."

"ತಗಡಿನಂಗಡಿನಾ?" ಎಂದಳು ನಿರ್ದೇಶಕಿ.

"ಅಲ್ಲ. ಕೆಳಗಿಂದ."

ಹದಿನಾಲ್ಕು ಮುಖಗಳು ಮೆಟ್ಟಿಲಿನ ಕಡೆಗೆ ತಿರುಗಿದವು.

"ನೀರಿನ ಪೈಪು," ಎಂದಳು ಅತ್ತಿಗೆ. "ಹಳೇ ಮನೆ ನೋಡಿ."

ಮ್ಯಾನೇಜರ್ ಬೆಕ್ಕಿನ ಹೆಜ್ಜೆಯಲ್ಲಿ ಇಳಿದುಹೋಗಿ ಇಡೀ ಮನೆಯ ನೀರು ನಿಲ್ಲಿಸಿ ಬಂದ. ಸದ್ದು ನಿಲ್ಲಲಿಲ್ಲ. ಸೌಂಡಿನವನು ಕಣ್ಣು ಮುಚ್ಚಿ ಇನ್ನಷ್ಟು ಆಲಿಸಿದ.

"ಪೈಪು ಮಗ್ಗುಲು ಬದಲಾಯಿಸುತ್ತಾ ಅಮ್ಮ?"

ಯಾರೋ ಕಿಸಕ್ಕೆಂದರು. ಮ್ಯಾನೇಜರ್ ನಗಲಿಲ್ಲ, ಫೈಲು ಹಿಡಿದು ಮತ್ತೆ ಕೆಳಗಿಳಿದ. ಅತ್ತಿಗೆ ಅವನ ಬೆನ್ನಿಗೇ ಇಳಿದು, ಅವನಿಗಿಂತ ಮೊದಲು ಟವೆಲಿನ ಬಾಗಿಲಿಗೆ ಅಡ್ಡ ನಿಂತಳು.

"ಇಲ್ಲಿ ಯಾರಿದ್ದಾರಮ್ಮ?"

"ಯಾರೂ ಇಲ್ಲ."

ಬಾಗಿಲ ಹಿಂದೆ ಗರಗಸ ಒಂದು ದೊಡ್ಡ ಮರವನ್ನು ಕೊಯ್ದು ಉರುಳಿಸಿತು. ಸುಳ್ಳಿಗೆ ಕಾಲಿಲ್ಲವೆನ್ನುತ್ತಾರೆ, ಅಂದು ಅದಕ್ಕೆ ಬಾಯಿ ಮಾತ್ರ ಇತ್ತು. ಅತ್ತಿಗೆ ಕಣ್ಣು ತಗ್ಗಿಸಿದಳು.

"ನನ್ನ ನಾದಿನಿ. ನರ್ಸು. ರಾತ್ರಿ ಪಾಳಿ ಮುಗಿಸಿ ಬಂದಿದ್ದಾಳೆ."

"ಮತ್ತೆ ಫಾರಮ್ಮಲ್ಲಿ ಯಾರೂ ಇಲ್ಲ ಅಂತ ಬರ್ದಿದ್ದೀರಲ್ಲ!" ಮ್ಯಾನೇಜರನ ಪಿಸುಮಾತು ಕೂಗಿನಷ್ಟೇ ಖಾರವಾಗಿತ್ತು. "ಈ ಬೀದಿ ಬಾಯಿ ಮುಚ್ಚಿಸೋಕೆ ನಾನು ಎಷ್ಟು ಜನರ ಕೈಕಾಲು ಹಿಡ್ದಿದ್ದೀನಿ ಗೊತ್ತಾ? ಕೊನೆಗೆ ಮನೆ ಒಳಗೇ ಹಿಂಗಾ! ಎಬ್ಬಿಸಿ. ಒಂದು ಗಂಟೆ ಸಾಕು, ಬಿಸಿಲು ಹೋಗೋ ಮೊದಲು ಮುಗಿಸ್ಬೇಕು. ಆಮೇಲೆ ಮತ್ತೆ ಮಲಗಲಿ."

"ಒಂದು ಸಲ ಎದ್ರೆ ಅವಳಿಗೆ ಮತ್ತೆ ಹತ್ತಲ್ಲ."

"ಚಿಂತೆ ಇಲ್ಲದೋರಿಗೆ ಸಂತೇಲೂ ನಿದ್ದೆ ಬರುತ್ತೆ ಬಿಡೀಮ್ಮ."

"ಚಿಂತೆ ಇದೆ," ಎಂದಳು ಅತ್ತಿಗೆ.

"ಹಾಗಾದ್ರೆ ಸುಳ್ಳು ಬರೆದದ್ದಕ್ಕೆ ಬಾಡಿಗೆ ಕೇಳಬೇಡಿ. ಹಾಳಾದ ದಿನದ ಖರ್ಚೂ ನಿಮ್ಮ ಮೇಲೇ ಬರುತ್ತೆ. ಏಳನೇ ಪುಟದಲ್ಲಿದೆ, ಓದ್ಕೊಳ್ಳಿ."

ತಪ್ಪು ತನ್ನದೆಂಬುದರಲ್ಲಿ ಅತ್ತಿಗೆಗೆ ಸಂಶಯವಿರಲಿಲ್ಲ. ಅವಳು ಟವೆಲು ಸರಿಸಿ ಬಾಗಿಲನ್ನು ಒಂದು ಗೇಣು ತೆರೆದಳು. ನಾದಿನಿ ಸಮವಸ್ತ್ರ ಬಿಚ್ಚಿರಲಿಲ್ಲ. ಎದೆಯ ಮೇಲೆ ಪಿನ್ನು ಹಾಕಿದ ಗಡಿಯಾರ ಉಸಿರಿನೊಡನೆ ಏರಿಳಿಯುತ್ತಿತ್ತು. ಒಂದು ಕಾಲಿನ ಕಾಲುಚೀಲ ಅರ್ಧ ಕಳಚಿತ್ತು. ಕಳಚುತ್ತಿರುವಾಗಲೇ ನಿದ್ದೆ ಅವಳನ್ನು ಎಳೆದುಕೊಂಡಿರಬೇಕು. ಬಾಯಿ ತೆರೆದಿತ್ತು, ಅಂಗೈಗಳೆರಡೂ ಬಿಚ್ಚಿ ಬಿದ್ದಿದ್ದವು. ಗುಬ್ಬಿ ಎಂದು ಒಮ್ಮೆ ಮೆಲ್ಲನೆ ಕರೆದರೆ ಸಾಕಿತ್ತು. ಅತ್ತಿಗೆಯ ತುಟಿಯವರೆಗೆ ಆ ಹೆಸರು ಬಂದಿತ್ತು. ಆಗ ಅವಳ ದೃಷ್ಟಿ ಆ ಬಲಗೈಯ ಮೇಲೆ ನಿಂತಿತು. ಇವತ್ತು ರಾತ್ರಿ ಸೂಜಿ ಹಿಡಿಯುವುದು ಇದೇ ಕೈ.

ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ಅವಳು ನೆಲದ ಮೇಲೆ ಕುಳಿತುಬಿಟ್ಟಳು.

"ಎಬ್ಬಿಸಲ್ಲ. ಏನು ಬೇಕಾದ್ರೂ ಬರ್ಕೊಳ್ಳಿ."

ಅಷ್ಟರಲ್ಲಿ ನಿರ್ದೇಶಕಿಯೂ ಸೌಂಡಿನವನೂ ಇಳಿದು ಬಂದಿದ್ದರು. ಬಾಗಿಲು ಮುಚ್ಚುವ ಮೊದಲು ನಿರ್ದೇಶಕಿ ಒಳಗಿನದನ್ನು ಕಂಡಿದ್ದಳು. ಸಿಟ್ಟಿನಿಂದ ಬಂದವಳ ಮುಖದಲ್ಲಿ ಈಗ ಹಸಿದವರು ಅಡುಗೆಮನೆಯ ಬಾಗಿಲಲ್ಲಿ ನಿಂತಾಗಿನ ಆಸೆ ಮೂಡಿತ್ತು. ಅವಳು ಅತ್ತಿಗೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತಳು.

"ಅಮ್ಮ, ಎಬ್ಬಿಸೋದು ಬೇಡ. ನಿಜವಾದ ನಿದ್ದೆ ಅಂದ್ರೆ ಅದು. ಮೇಲಿರೋನು ನೂರು ಸಲ ಮಾಡಿದ್ರೂ ಬರಲ್ಲ. ಬಾಗಿಲ ಸಂದಿಯಿಂದ ಎರಡೇ ನಿಮಿಷ ತೆಗೀತೀನಿ. ಮುಖ ಕಾಣಲ್ಲ. ಕೈ, ಆ ಗಡಿಯಾರ, ಅಷ್ಟೇ."

"ಬೇಡ."

"ಮನೆ ಪೂರ್ತಿ ತೆಗೀಬಹುದು ಅಂತ ನೀವೇ ಸಹಿ ಹಾಕಿದ್ದೀರಿ."

"ಮನೆಗೆ ಹಾಕಿದ್ದೀನಿ. ಗೋಡೆ ತಗೊಳ್ಳಿ, ಕಿಟಕಿ ತಗೊಳ್ಳಿ, ಅಡುಗೆಮನೆ ಬೇಕಾದ್ರೂ ತಗೊಳ್ಳಿ. ಇವಳು ಎದ್ದ ಮೇಲೆ ಇವಳನ್ನೇ ಕೇಳಿ. ನಿದ್ದೇಲಿ ಇರೋರು ಹೂಂ ಅಂತಾರಾ, ಊಹೂಂ ಅಂತಾರಾ?"

ನಿರ್ದೇಶಕಿ ಹಾಗೆಯೇ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಮೂರು ದಿನ ಆಯ್ತಮ್ಮ, ನಾನೂ ಮಲಗಿಲ್ಲ," ಎಂದಳು, ದೂರಿನಂತಲ್ಲ, ಸುಮ್ಮನೆ. ಬಳಿಕ ಮ್ಯಾನೇಜರನಿಗೆ ಹೇಳಿದಳು: "ಬಿಡಿ. ಸೌಂಡ್ ಇಲ್ದೇ ತೆಗೆಯೋಣ. ಎಲ್ಲರಿಗೂ ಮಾತಾಡಬಹುದು ಅಂತ ಹೇಳಿ. ತಗಡಿನಂಗಡಿಯೋನಿಗೂ ತೆರೀಬಹುದು ಅನ್ನಿ."

ಗೆದ್ದೆನೆಂದುಕೊಂಡಿದ್ದ ಅತ್ತಿಗೆಯ ಮುಖ ಕಪ್ಪಿಟ್ಟಿತು. ಸದ್ದನ್ನು ಹಿಡಿಯಬೇಕಾದವರಿಗೆ ಮೌನ ಬೇಕು. ಬೇಡವಾದ ಮೇಲೆ ಅದನ್ನು ಕಾಯುವವರು ಯಾರು? ಹೊಡೆತ ತಪ್ಪಿಸಿಕೊಂಡು ಬಂದು ಬಾವಿಗೆ ಬಿದ್ದಂತಾಯಿತು. "ಸುತ್ತಿಗೆ..." ಎಂದಳು. ಕೇಳಲು ತನಗೆ ಯಾವ ಮುಖವಿದೆ?

ಸೌಂಡಿನವನು ಅವಳನ್ನು ಒಮ್ಮೆ ನೋಡಿದ. ಟವೆಲನ್ನು ಒಮ್ಮೆ ನೋಡಿದ.

"ಮೇಡಂ, ಒಂದ್ನಿಮಿಷ. ಸೌಂಡ್ ಬಿಡೋದು ಬೇಡ. ಗೊರಕೆ ಒಂದೇ ಇದ್ರೆ ಆಮೇಲೆ ಅದನ್ನ ತೆಗೆದುಹಾಕ್ತೀನಿ. ಒಂದೇ ಥರ ಇರೋ ಸದ್ದು, ಸುಲಭ. ಆದ್ರೆ ಅದರ ಜೊತೆ ಇನ್ನೊಂದು ಸದ್ದು ಸೇರಿದ್ರೆ ನನ್ನಿಂದಾಗಲ್ಲ. ಇಲ್ಲೀವರೆಗೆ ಇದ್ದದ್ದಕ್ಕಿಂತ ಗಟ್ಟಿಯಾಗಿ ಸುಮ್ಮನಿರಬೇಕು ಎಲ್ಲರೂ. ಕೆಮ್ಮೂ ಬೇಡ."

"ತೆಗೆಯೋಕೆ ಆಗುತ್ತಾ ನಿಜವಾಗ್ಲೂ?"

"ಮೂವತ್ತು ವರ್ಷ ಇದೇ ಮಾಡಿದ್ದೀನಿ."

ಹೀಗೆ ಆ ಮಧ್ಯಾಹ್ನ ಹದಿನಾಲ್ಕು ಜನ ಒಬ್ಬಳ ಗೊರಕೆಗೆ ಕಾವಲು ನಿಂತರು. ಗರಗಸದ ಲಯಕ್ಕೆ ನಟನ ರೆಪ್ಪೆಯ ಅದುರು ಕೂಡ ನಿಂತಿತು. ಬಿಸಿಲು ಮುಖಕ್ಕೆ ಬಿದ್ದರೂ ಅವನು ಏಳಲಿಲ್ಲ. ನಿಜವಾಗಿಯೇ ಮಲಗಿಬಿಟ್ಟಿದ್ದ. ನಿರ್ದೇಶಕಿ ಅದನ್ನೇ ಮನದಣಿಯೆ ಚಿತ್ರಿಸಿಕೊಂಡಳು. ಬಿಸಿಲು ಹೋದ ಮೇಲೂ ಸೌಂಡಿನವನು ಯಾರನ್ನೂ ಅಲುಗಾಡಲು ಬಿಡಲಿಲ್ಲ. ಖಾಲಿ ಕೋಣೆಯ ಸದ್ದನ್ನೇ ಬೇರೆಯಾಗಿ ಹಿಡಿದಿಟ್ಟುಕೊಳ್ಳುವುದು ಆ ಕಸುಬಿನ ಪದ್ಧತಿ. ಅದಕ್ಕೆ ಒಂದು ನಿಮಿಷ ಸಾಕು. ಅವನು "ಸರಿಯಾಗಿ ಬರ್ಲಿಲ್ಲ, ಇನ್ನೊಮ್ಮೆ" ಎಂದು ಐದು ಸಲ ಕೈ ಎತ್ತಿದ. ದಣಿದ ಜನ ಕೈಯಲ್ಲಿ ವೈರು, ದೀಪ, ತಟ್ಟೆ ಹಿಡಿದು ನಿಂತಲ್ಲೇ ತೂಕಡಿಸಿದರು. ಎಲ್ಲ ಮುಗಿದು ಸಾಮಾನುಗಳೆಲ್ಲ ಕೈಯಿಂದ ಕೈಗೆ, ಮೊಟ್ಟೆ ಸಾಗಿಸುವಂತೆ ಇಳಿದಾಗ ನಾಲ್ಕೂವರೆ.

ಮ್ಯಾನೇಜರ್ ಆರನೆಯ ಪುಟ ತೆರೆದು ಹಿಡಿದ. ಬಾಡಿಗೆಯಲ್ಲಿ ಅರ್ಧ ಮುರಿದುಕೊಂಡಿರುವುದಾಗಿ ಗಂಟಲು ಕೆರೆದು ತಿಳಿಸಿದ. ಅತ್ತಿಗೆ ಹೂಂ ಎಂದಳು.

"ಇದನ್ನ ಸರಿಮಾಡಿ ಕೊಡಿ. ಆಫೀಸಲ್ಲಿ ಕೇಳ್ತಾರೆ."

ಅವಳು 'ಯಾರೂ ಇಲ್ಲ' ಎಂಬುದನ್ನು ಹೊಡೆದುಹಾಕಿ, ಸ್ವಲ್ಪ ಯೋಚಿಸಿ, 'ಒಬ್ಬರು, ನಿದ್ದೆಯಲ್ಲಿ' ಎಂದು ಬರೆದಳು. ಅವನು ಓದಿ, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಹೋದ.

ಸೌಂಡಿನವನು ಕೊನೆಗೆ ಇಳಿದ. ಎರಡು ಕಪ್ಪು ಕಂಬಳಿಗಳನ್ನು ಮಾಳಿಗೆಯಲ್ಲೇ ಬಿಟ್ಟಿದ್ದ.

"ಮೇಲೆ ಕಂಬಳಿ ಉಳಿದ್ವಲ್ಲ," ಎಂದಳು ಅತ್ತಿಗೆ.

"ಹಳೇವು ಅವು. ಈ ಕೋಣೆ ಮೇಲೆ ಸರಿಯಾಗಿ ಹಾಸಿದ್ದೀನಿ, ತೆಗೀಬೇಡಿ. ಪೆಟ್ಟಿಗೆ ಉರುಳಿಸೋರು ಅದರ ಮೇಲೇ ಉರುಳಿಸಲಿ."

"ಆ ಗೊರಕೆ ನಿಜವಾಗ್ಲೂ ತೆಗೆಯೋಕಾಗುತ್ತಾ?"

"ಎಲ್ಲಿಂದ ಆಗುತ್ತಮ್ಮ!" ಅವನು ಚಪ್ಪಲಿ ಹಾಕಿಕೊಳ್ಳುತ್ತ ನಕ್ಕ. "ಸ್ಟುಡಿಯೋದಲ್ಲಿ ಎಲ್ಲ ಹೊಸದಾಗಿ ಮಾಡ್ಕೋಬೇಕು. ನಮ್ಮಮ್ಮ ಬಟ್ಟೆ ಮಿಲ್ಲಲ್ಲಿ ರಾತ್ರಿ ಪಾಳಿ ಮಾಡ್ತಿದ್ಲು. ನಾವು ನಾಲ್ಕು ಮಕ್ಕಳು ಹಗಲೆಲ್ಲ ಕೈಸನ್ನೇಲೇ ಜಗಳ ಆಡ್ತಿದ್ವಿ." ಹೊರಟವನು ನಿಂತ. "ಇವತ್ತು ರೆಕಾರ್ಡ್ ಆದದ್ದನ್ನ ಅಳಿಸಿಬಿಡ್ತೀನಿ. ಮಲಗಿರೋರನ್ನ ಕೇಳಿಲ್ವಲ್ಲ."

ಐದೂವರೆಗೆ ನಾದಿನಿ ಎದ್ದು ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ, ಒಂದೇ ಕಾಲಿನಲ್ಲಿ ಕಾಲುಚೀಲ.

"ಎಂಟು ಗಂಟೆ ಹೊತ್ತು ಮಲಗಿಬಿಟ್ನಲ್ಲ ಅತ್ತಿಗೆ! ಯಾಕೆ ಎಬ್ಬಿಸ್ಲಿಲ್ಲ? ಅವರು ಬರ್ಲೇ ಇಲ್ವಾ?"

"ಬಂದಿದ್ರು."

"ಒಂದು ಸದ್ದೂ ಕೇಳಿಸ್ಲಿಲ್ಲ ನಂಗೆ!"

"ನಿಂಗೆ ಕೇಳಿಸ್ಲಿಲ್ಲ. ಅವರಿಗೆ ಕೇಳಿಸ್ತು."

ನಾದಿನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಮುಖ ಕೆಂಪಗಾಗುವಷ್ಟು ನಕ್ಕಳು. ಇಬ್ಬರಿಗೂ ಚಹಾ ಮಾಡಿದಳು. ಲೋಟ ಹಿಡಿದು ಬರುವಷ್ಟರಲ್ಲಿ ಅತ್ತಿಗೆ ಅಡುಗೆಮನೆಯ ಮಣೆಯ ಮೇಲೆ ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ನಾದಿನಿ ಅವಳನ್ನು, ರೋಗಿಗಳನ್ನು ಎಚ್ಚರಾಗದಂತೆ ಸಾಗಿಸುವ ಕೈಚಳಕದಿಂದ, ತನ್ನ ಕೋಣೆಗೆ ಎತ್ತಿಕೊಂಡು ಹೋಗಿ ತನ್ನದೇ ಹಾಸಿಗೆಯಲ್ಲಿ ಮಲಗಿಸಿದಳು.

ಕೆಲಸಕ್ಕೆ ಹೊರಡುವ ಹೊತ್ತಿಗೆ ಫೋನು ಬಂತು. ನಾಳೆ ತಂಗಲು ಬರುವ ಅತಿಥಿಗಳು. ಬೆಳಗ್ಗೆ ಎಷ್ಟು ಹೊತ್ತಿಗೆ ಕೋಣೆ ಸಿಗುತ್ತದೆಂದು ಮನೆಯೊಡತಿಯನ್ನು ಕೇಳಬೇಕಾಗಿತ್ತಂತೆ. ಒಂದೇ ನಿಮಿಷದ ಮಾತಂತೆ.

"ಇಲ್ಲ," ಎಂದಳು ನಾದಿನಿ, ಕೆಂಪು ಟವೆಲನ್ನು ಚಿಲಕಕ್ಕೆ ಹಾಕುತ್ತ. "ಅತ್ತಿಗೆ ಇಲ್ಲ."

ಆಮೇಲೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹಿತ್ತಿಲ ಬಾಗಿಲಿನಿಂದ ಹೊರಗೆ ನಡೆದಳು.